ಮೂರನೆಯ ದಿನದ ಕ್ಯಾನುಲಾ: ಸಂಶೋಧನೆ ವಾರ್ಡಿನ ಮಂಚದವರೆಗೆ ಬರುವ ಬಗೆ

ಬೆಂಗಳೂರಿನ ಯಾವುದಾದರೂ ದೊಡ್ಡ ಆಸ್ಪತ್ರೆಯಲ್ಲಿ ರೋಗಿಯ ಜೊತೆ ನಾಲ್ಕಾರು ದಿನ ಉಳಿದವರಿಗೆ ಈ ಗೊಂದಲ ಹೊಸದಲ್ಲ. ಕೆಲವು ವರ್ಷಗಳ ಹಿಂದೆ ಅಪ್ಪನನ್ನು ಸೇರಿಸಿದ್ದಾಗ ಡ್ರಿಪ್ ಕೊಡಲು ಕೈಗೆ ಹಾಕಿದ್ದ ಕೊಳವೆಯನ್ನು, ಅಂದರೆ ಕ್ಯಾನುಲಾವನ್ನು, ಮೂರನೆಯ ದಿನ ತಪ್ಪದೆ ತೆಗೆದು ಬೇರೆ ಕಡೆ ಚುಚ್ಚಿದ್ದರು; ಈಗ ಅಮ್ಮನಿಗೆ ನಾಲ್ಕನೆಯ ದಿನವಾದರೂ ಸಿಸ್ಟರ್ ಬಂದು, ಟೇಪಿನ ಸುತ್ತ ಒತ್ತಿ ನೋಡಿ, ಚಾರ್ಟಿನಲ್ಲಿ ಏನೋ ಗುರುತು ಹಾಕಿ, 'ಚೆನ್ನಾಗಿದೆ, ಇರಲಿ' ಎಂದು ಮುಂದಿನ ಮಂಚಕ್ಕೆ ಹೋಗುತ್ತಾರೆ. ಪಕ್ಕದ ಮಂಚದವರ ಸಂಬಂಧಿಕರು 'ಇನ್ನೊಂದು ಆಸ್ಪತ್ರೆಯಲ್ಲಿ ಈಗಲೂ ಬದಲಿಸುತ್ತಾರಲ್ಲ' ಎನ್ನುತ್ತಾರೆ. ಇದು ನಿರ್ಲಕ್ಷ್ಯವೋ, ಹೊಸ ಪದ್ಧತಿಯೋ ಎಂಬುದು ಹೊರಗಿನವರಿಗೆ ತಿಳಿಯುವುದಿಲ್ಲ.

ಇಂಥ ಬದಲಾವಣೆಗಳ ಹಿಂದೆ ಸಾಮಾನ್ಯವಾಗಿ ಒಂದು ಸಂಶೋಧನೆ ಇರುತ್ತದೆ, ಮತ್ತು ಅನೇಕ ಸಲ ಆ ಸಂಶೋಧನೆಯನ್ನು ನಡೆಸಿದವರು ವೈದ್ಯರಲ್ಲ, ನರ್ಸ್‌ಗಳೇ. ಸಂಶೋಧನೆ ಎಂದೊಡನೆ ಪ್ರಯೋಗಾಲಯ, ಸೂಕ್ಷ್ಮದರ್ಶಕ, ಹೊಸ ಔಷಧ ಎಂದು ಯೋಚಿಸುವ ನಮಗೆ, ವಾರ್ಡಿನಲ್ಲಿ ಡ್ಯೂಟಿ ಮಾಡುವ ನರ್ಸ್ ಅದರ ಜೊತೆ ಹೇಗೆ ವ್ಯವಹರಿಸುತ್ತಾರೆ ಎಂಬುದು ಕಾಣುವುದಿಲ್ಲ. ಅದನ್ನು ಬುಡದಿಂದ ಬಿಡಿಸಿ ಹೇಳುವುದು ಈ ಲೇಖನದ ಉದ್ದೇಶ.

ಮೊದಲು ಕೆಲವು ಪದಗಳು

ಇನ್ನೂ ಉತ್ತರವಿಲ್ಲದ ಪ್ರಶ್ನೆಯೊಂದಕ್ಕೆ, ಮೊದಲೇ ನಿಗದಿಪಡಿಸಿಕೊಂಡ ಕ್ರಮದಲ್ಲಿ ಮಾಹಿತಿ ಕಲೆಹಾಕಿ ಉತ್ತರ ಹುಡುಕುವುದು ಸಂಶೋಧನೆ. ಹಾಗೆ ಸಿಕ್ಕ, ಪರಿಶೀಲನೆಗೆ ತೆರೆದಿರುವ ಉತ್ತರವನ್ನು ಪುರಾವೆ ಎನ್ನುತ್ತಾರೆ. ಪುರಾವೆ ಆಧಾರಿತ ಶುಶ್ರೂಷೆ ಎಂದರೆ ಪುಸ್ತಕದಲ್ಲಿದ್ದುದನ್ನು ಹಾಗೆಯೇ ಮಾಡುವುದಲ್ಲ. ಲಭ್ಯವಿರುವ ಪುರಾವೆ, ಎದುರಿಗಿರುವ ನರ್ಸ್‌ನ ಅನುಭವ, ರೋಗಿಯ ಇಚ್ಛೆ ಈ ಮೂರನ್ನೂ ಕೂಡಿಸಿ ನಿರ್ಧರಿಸುವುದು. ಪುರಾವೆ ಆಧಾರಿತ ವೈದ್ಯಕೀಯ ಎಂಬ ಚಿಂತನೆ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದ ಆರಂಭದಲ್ಲಿ ರೂಪುಗೊಂಡಿತು. 1996ರಲ್ಲಿ ಡೇವಿಡ್ ಸ್ಯಾಕೆಟ್ ಮತ್ತು ಸಂಗಡಿಗರು ಕೊಟ್ಟ ವ್ಯಾಖ್ಯಾನ ಇಂದಿಗೂ ಬಳಕೆಯಲ್ಲಿದೆ. ಶುಶ್ರೂಷೆ ಅದೇ ದಾರಿಯಲ್ಲಿ ನಡೆಯಿತು ಎನ್ನುವುದು ಪೂರ್ತಿ ಸರಿಯಲ್ಲ, ಏಕೆಂದರೆ ಕ್ರಿಮಿಯಾ ಯುದ್ಧದ ಸೈನಿಕರ ಸಾವುಗಳನ್ನು ಕಾರಣವಾರು ಲೆಕ್ಕ ಹಾಕಿ, ಗಾಯಕ್ಕಿಂತ ತಡೆಯಬಹುದಾದ ಕಾಯಿಲೆಯಿಂದ ಸತ್ತವರೇ ಹೆಚ್ಚು ಎಂದು 1858ರಲ್ಲಿ ಚಿತ್ರಪಟಗಳ ಮೂಲಕ ತೋರಿಸಿದ ಫ್ಲಾರೆನ್ಸ್ ನೈಟಿಂಗೇಲ್ ಅದನ್ನು ಒಂದು ಶತಮಾನಕ್ಕೂ ಮೊದಲೇ ಮಾಡಿದ್ದರು. ಆಕೆ ಭಾರತಕ್ಕೆ ಒಮ್ಮೆಯೂ ಬರಲಿಲ್ಲ. ಆದರೂ ಇಲ್ಲಿನ ಸೇನಾ ಠಾಣೆಗಳಿಗೆ ಪ್ರಶ್ನಾವಳಿ ಕಳುಹಿಸಿ, ಬಂದ ಉತ್ತರಗಳಿಂದ ನೀರು ಮತ್ತು ಚರಂಡಿಯ ಸ್ಥಿತಿಯನ್ನು ವಿಶ್ಲೇಷಿಸಿದ್ದರು.

ಸಂಶೋಧನೆಯ ಜೊತೆ ನರ್ಸ್‌ನ ಸಂಬಂಧ ಮೂರು ಬಗೆಯದು. ಕೆಲವರು ಸ್ವತಃ ಅಧ್ಯಯನ ನಡೆಸುತ್ತಾರೆ. ಇನ್ನು ಕೆಲವರು ಬೇರೆಯವರ ಅಧ್ಯಯನಕ್ಕೆ ರೋಗಿಗಳ ಒಪ್ಪಿಗೆ ಪಡೆಯುವುದು, ಮಾಹಿತಿ ದಾಖಲಿಸುವುದು ಮುಂತಾದ ಕೆಲಸ ಮಾಡುತ್ತಾರೆ. ಉಳಿದ ಬಹುಪಾಲು ಮಂದಿ ಬೇರೆಡೆ ಆಗಿರುವ ಸಂಶೋಧನೆಯ ಫಲವನ್ನು ತಮ್ಮ ಕೆಲಸದಲ್ಲಿ ಬಳಸುತ್ತಾರೆ. ಕಡೆಯದೇ ಅತ್ಯಂತ ಸುಲಭ ಎಂದು ತೋರುತ್ತದೆ. ವಾಸ್ತವದಲ್ಲಿ ಅದೇ ಕಷ್ಟದ್ದು.

ಒಂದು ಸಣ್ಣ ಪ್ಲಾಸ್ಟಿಕ್ ಕೊಳವೆಯ ಚರಿತ್ರೆ

ಕ್ಯಾನುಲಾ ಎಂದರೆ ಡ್ರಿಪ್ ಮತ್ತು ಇಂಜೆಕ್ಷನ್ ಕೊಡಲು ಕೈಯ ರಕ್ತನಾಳದೊಳಗೆ ಇರಿಸುವ ತೆಳ್ಳನೆಯ ಕೊಳವೆ. ಅದು ಹೆಚ್ಚು ದಿನ ಇದ್ದಷ್ಟೂ ರಕ್ತನಾಳ ಉರಿಯೂತಕ್ಕೊಳಗಾಗಿ ಕೆಂಪಾಗುವ, ಬಾತುಕೊಳ್ಳುವ, ಸೋಂಕು ತಗುಲುವ ಸಾಧ್ಯತೆ ಹೆಚ್ಚು ಎಂಬ ತರ್ಕದ ಮೇಲೆ, ಮೂರ್ನಾಲ್ಕು ದಿನಕ್ಕೊಮ್ಮೆ ಕಡ್ಡಾಯವಾಗಿ ಬದಲಿಸಬೇಕೆಂಬ ನಿಯಮ ದಶಕಗಳ ಕಾಲ ಜಗತ್ತಿನಾದ್ಯಂತ ಇತ್ತು. ತರ್ಕವೇನೋ ಸರಿಯಾಗಿಯೇ ಕಾಣುತ್ತಿತ್ತು. ಆದರೆ ದಿನವೂ ಈ ಕೆಲಸ ಮಾಡುತ್ತಿದ್ದ ನರ್ಸ್‌ಗಳಿಗೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತಿತ್ತು: ಚೆನ್ನಾಗಿ ಕೆಲಸ ಮಾಡುತ್ತಿರುವ ಕ್ಯಾನುಲಾವನ್ನು ತೆಗೆದು, ನರ ಸಿಗದ ವಯಸ್ಸಾದ ರೋಗಿಗೆ ಮತ್ತೆ ಮೂರು ನಾಲ್ಕು ಕಡೆ ಚುಚ್ಚಬೇಕು, ಮತ್ತು ಪ್ರತಿಯೊಂದು ಚುಚ್ಚುವಿಕೆಯೂ ಸೋಂಕಿಗೆ ಹೊಸ ಬಾಗಿಲು.

ಆಸ್ಟ್ರೇಲಿಯಾದ ನರ್ಸ್ ಸಂಶೋಧಕಿ ಕ್ಲೇರ್ ರಿಕಾರ್ಡ್ ಮತ್ತು ಸಂಗಡಿಗರು ಕ್ವೀನ್ಸ್‌ಲ್ಯಾಂಡ್‌ನ ಮೂರು ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷೆಗೊಡ್ಡಿದರು. 3,283 ರೋಗಿಗಳನ್ನು ಎರಡು ಗುಂಪುಗಳಿಗೆ ಹಂಚಲಾಯಿತು. ಒಂದು ಗುಂಪಿಗೆ ಮೂರನೆಯ ದಿನ ಕಡ್ಡಾಯ ಬದಲಾವಣೆ, ಇನ್ನೊಂದು ಗುಂಪಿಗೆ ನೋವು, ಕೆಂಪು, ಬಾವು, ಸೋರಿಕೆ ಅಥವಾ ತಡೆ ಕಂಡಾಗ ಮಾತ್ರ. ಯಾರು ಯಾವ ಗುಂಪಿಗೆ ಎಂಬುದನ್ನು ನರ್ಸ್ ಆಗಲಿ ವೈದ್ಯರಾಗಲಿ ನಿರ್ಧರಿಸಲಿಲ್ಲ, ಅದನ್ನು ಆಕಸ್ಮಿಕತೆಗೆ ಬಿಡಲಾಯಿತು. ಇದಕ್ಕೆ ಯಾದೃಚ್ಛಿಕ ಹಂಚಿಕೆ ಎನ್ನುತ್ತಾರೆ. ಹೀಗೆ ಮಾಡದಿದ್ದರೆ, ನರ ಗಟ್ಟಿಯಾಗಿರುವವರನ್ನು ಅರಿವಿಲ್ಲದೆಯೇ ಒಂದು ಕಡೆಗೂ ದುರ್ಬಲರನ್ನು ಇನ್ನೊಂದು ಕಡೆಗೂ ಸೇರಿಸಿಬಿಡುವ ಅಪಾಯವಿದೆ. ಆಮೇಲೆ ಕಾಣುವ ವ್ಯತ್ಯಾಸ ಪದ್ಧತಿಯದೋ ರೋಗಿಗಳದೋ ತಿಳಿಯುವುದಿಲ್ಲ. 2012ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶ ನೇರವಾಗಿತ್ತು: ಎರಡೂ ಗುಂಪಿನಲ್ಲಿ ರಕ್ತನಾಳದ ಉರಿಯೂತ ಕಂಡದ್ದು ಶೇ. 7ರಷ್ಟು ಮಂದಿಯಲ್ಲಿ. ಅಂದರೆ ಕಡ್ಡಾಯವಾಗಿ ಬದಲಿಸಿದ್ದರಿಂದ ಉರಿಯೂತದ ವಿಷಯದಲ್ಲಿ ಲಾಭವೇನೂ ಆಗಲಿಲ್ಲ, ಚುಚ್ಚಿಸಿಕೊಂಡದ್ದು ಮಾತ್ರ ಹೆಚ್ಚಾಯಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ಎಲ್ಲ ಸಲೀಸಾಗಿರುತ್ತಿತ್ತು. ಆದರೆ ಸ್ವಿಟ್ಜರ್‌ಲೆಂಡಿನ ಜಿನೀವಾ ವಿಶ್ವವಿದ್ಯಾಲಯದ ಆಸ್ಪತ್ರೆಗಳು ಈ ಹೊಸ ಪದ್ಧತಿಗೆ ಬದಲಾದ ಮೇಲೆ, ಕ್ಯಾನುಲಾದಿಂದ ರಕ್ತಕ್ಕೆ ಸೋಂಕು ಹರಡಿದ ಪ್ರಕರಣಗಳು ಹೆಚ್ಚಿದವು. ಹಳೆಯ ಪದ್ಧತಿಗೆ ಮರಳಿದಾಗ ಅವು ಇಳಿದವು. ನಾಲ್ಕು ಲಕ್ಷಕ್ಕೂ ಹೆಚ್ಚು ಕ್ಯಾನುಲಾಗಳ ಈ ಲೆಕ್ಕ 2021ರಲ್ಲಿ ಪ್ರಕಟವಾಯಿತು. ಎರಡೂ ನಿಜವಾಗಿರಲು ಹೇಗೆ ಸಾಧ್ಯ? ರಕ್ತದ ಸೋಂಕು ತೀರಾ ವಿರಳವಾದ್ದರಿಂದ ಮೂರು ಸಾವಿರ ಜನರ ಪ್ರಯೋಗದಲ್ಲಿ ಅದರ ಏರಿಳಿತ ಗೋಚರಿಸುವುದು ಕಷ್ಟ, ಲಕ್ಷಗಟ್ಟಲೆ ನೋಡಿದಾಗ ಮಾತ್ರ ಕಾಣಬಹುದು. ಇನ್ನೊಂದು ಕಡೆ, ಜಿನೀವಾದ್ದು ಯಾದೃಚ್ಛಿಕ ಹಂಚಿಕೆಯ ಪ್ರಯೋಗವಲ್ಲ. ಆ ಅವಧಿಯಲ್ಲಿ ಬೇರೆ ಏನೇನು ಬದಲಾಗಿತ್ತು ಎಂಬ ಪ್ರಶ್ನೆ ಅದಕ್ಕೆ ಅಂಟಿಕೊಂಡಿರುತ್ತದೆ.

ಎರಡನ್ನೂ ಓದಿದ ನರ್ಸ್‌ಗೆ ಉಳಿಯುವ ತಿಳಿವಳಿಕೆ ಇಷ್ಟು: 'ಅಗತ್ಯ ಬಿದ್ದಾಗ ಬದಲಿಸಿ' ಎಂಬ ನಿಯಮ ಸುರಕ್ಷಿತವಾಗುವುದು, ಅಗತ್ಯ ಬಿದ್ದಿದೆಯೇ ಎಂದು ಪ್ರತಿ ಪಾಳಿಯಲ್ಲಿ ನೋಡುವವರಿದ್ದಾಗ ಮಾತ್ರ. ಅದಕ್ಕೇ ಸಿಸ್ಟರ್ ಒತ್ತಿ ನೋಡಿ ಚಾರ್ಟಿನಲ್ಲಿ ಬರೆದದ್ದು. ಅನೇಕ ಆಸ್ಪತ್ರೆಗಳಲ್ಲಿ ಇದಕ್ಕೆ ಸೊನ್ನೆಯಿಂದ ಐದರವರೆಗಿನ ಅಂಕಪಟ್ಟಿ ಇದೆ. ಏನೂ ತೊಂದರೆ ಕಾಣದಿದ್ದರೆ ಸೊನ್ನೆ. ಅಲ್ಪ ನೋವು ಅಥವಾ ಅಲ್ಪ ಕೆಂಪು ಕಂಡರೆ ಒಂದು, ಅಂದರೆ ಗಮನಿಸುತ್ತಿರಬೇಕು. ಎರಡು ಬಂದರೆ ತೆಗೆದು ಬೇರೆ ಕಡೆ ಹಾಕಬೇಕು. ಕೈಯಿಂದ ಊಟ ಮಾಡುವ ರೋಗಿಯ ಬಲಗೈಗೆ ಹಾಕಿದ ಕ್ಯಾನುಲಾದ ಟೇಪು ದಿನಕ್ಕೆ ಮೂರು ಸಲ ಒದ್ದೆಯಾಗುತ್ತದೆ ಎಂಬುದು ಕ್ವೀನ್ಸ್‌ಲ್ಯಾಂಡಿನ ವರದಿಯಲ್ಲಿ ಇರುವುದಿಲ್ಲ. ಅದನ್ನು ಸೇರಿಸಿಕೊಳ್ಳಬೇಕಾದದ್ದು ಇಲ್ಲಿನ ನರ್ಸ್‌ನ ಅನುಭವ.

ಒಂದಗುಳು ಏಕೆ ಸಾಕಾಗದು

ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಹಿಸುಕಿದರೆ ಸಾಕು, ಏಕೆಂದರೆ ಆ ಪಾತ್ರೆಯ ಅಗುಳುಗಳೆಲ್ಲ ಒಂದೇ ನೀರಿನಲ್ಲಿ ಒಂದೇ ಉರಿಯಲ್ಲಿ ಬೆಂದಿರುತ್ತವೆ. ರೋಗಿಗಳು ಹಾಗಲ್ಲ, ಒಂದು ಆಸ್ಪತ್ರೆಯ ಒಂದು ಅಧ್ಯಯನವನ್ನು ಹಿಸುಕಿ ನೋಡಿ ಎಲ್ಲ ಆಸ್ಪತ್ರೆಗಳ ಅನ್ನ ಬೆಂದಿದೆ ಎನ್ನಲಾಗದು. ಆದ್ದರಿಂದ ಒಂದೇ ಪ್ರಶ್ನೆಯ ಮೇಲೆ ಬೇರೆ ಬೇರೆ ಕಡೆ ನಡೆದ ಅಧ್ಯಯನಗಳನ್ನೆಲ್ಲ ಹುಡುಕಿ, ದುರ್ಬಲವಾದವುಗಳಿಗೆ ಕಡಿಮೆ ತೂಕ ಕೊಟ್ಟು, ಒಟ್ಟು ಫಲಿತಾಂಶ ಹೇಳುವ ವ್ಯವಸ್ಥಿತ ವಿಮರ್ಶೆಗಳಿಗೆ ಹೆಚ್ಚಿನ ಬೆಲೆ. 1993ರಲ್ಲಿ ಆರಂಭವಾದ ಕಾಕ್ರೇನ್ ಸಂಸ್ಥೆಯ ಮುಖ್ಯ ಕೆಲಸವೇ ಇದು. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ 1996ರಲ್ಲಿ ಹುಟ್ಟಿದ ಜೋಆನಾ ಬ್ರಿಗ್ಸ್ ಸಂಸ್ಥೆ ಶುಶ್ರೂಷೆಯ ಪ್ರಶ್ನೆಗಳ ಮೇಲೆ ಇಂಥದ್ದೇ ಕೆಲಸ ಮಾಡುತ್ತ ಬಂದಿದೆ. ಇವುಗಳ ಮೇಲೆ ನಿಂತು, 'ಹೀಗೆ ಮಾಡಿ, ಹೀಗೆ ಬೇಡ' ಎಂದು ಹೇಳುವ ದಾಖಲೆ ಮಾರ್ಗಸೂಚಿ. ಅದನ್ನು ಒಂದು ಆಸ್ಪತ್ರೆ ತನ್ನ ಮಂಚ, ಮಂದಿ, ಸಾಮಗ್ರಿಗೆ ಹೊಂದಿಸಿ ಬರೆದುಕೊಂಡಾಗ ಪ್ರೋಟೋಕಾಲ್ ಆಗುತ್ತದೆ. ರಾತ್ರಿ ಪಾಳಿಯ ನರ್ಸ್ ಸಂಶೋಧನಾ ಪ್ರಬಂಧವನ್ನು ಓದುವುದಿಲ್ಲ, ಪ್ರೋಟೋಕಾಲನ್ನು ಅನುಸರಿಸುತ್ತಾರೆ. ಸಂಶೋಧನೆ ಮಂಚಕ್ಕೆ ತಲುಪುವ ಹೆದ್ದಾರಿ ಅದೇ.

ಹುಡುಕುವುದಕ್ಕೂ ಒಂದು ಕ್ರಮವಿದೆ. 'ಬೆಡ್‌ಸೋರ್ ತಡೆಯುವುದು ಹೇಗೆ' ಎಂಬಂಥ ಅಗಲ ಪ್ರಶ್ನೆಗೆ ಸಾವಿರಾರು ಪ್ರಬಂಧಗಳು ಸಿಕ್ಕಿ ಕೈಸೋಲುತ್ತದೆ. ನರ್ಸಿಂಗ್ ವಿದ್ಯಾರ್ಥಿಗಳಿಗೆ ಕಲಿಸುವ 'ಪಿಕೊ' ವಿಧಾನದಲ್ಲಿ ಪ್ರಶ್ನೆಯನ್ನು ನಾಲ್ಕು ತುಂಡು ಮಾಡುತ್ತಾರೆ: ಯಾವ ರೋಗಿಗಳು, ಏನು ಮಾಡುವುದು, ಯಾವುದಕ್ಕೆ ಹೋಲಿಸಿ, ಯಾವ ಫಲಿತಾಂಶಕ್ಕಾಗಿ. ಹಾಸಿಗೆ ಹಿಡಿದ ವೃದ್ಧರಲ್ಲಿ, ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಎರಡು ಗಂಟೆಗೊಮ್ಮೆ ಬದಲಿಸುವುದಕ್ಕೆ ಹೋಲಿಸಿದರೆ, ಹೊಸ ಬೆಡ್‌ಸೋರ್‌ಗಳನ್ನು ಹೆಚ್ಚಿಸುತ್ತದೆಯೇ? ಹೀಗೆ ಕೇಳಿದರೆ ಉತ್ತರ ಸಿಗುವ ಸಾಧ್ಯತೆ ಇರುತ್ತದೆ. ಈ ಪ್ರಶ್ನೆಗಂತೂ ಸಿಕ್ಕಿದೆ.

ಮಗ್ಗುಲು, ಹಾಸಿಗೆ ಮತ್ತು ಅಟೆಂಡರು

ಒಂದೇ ಭಂಗಿಯಲ್ಲಿ ಮಲಗಿದಾಗ ಮೂಳೆ ಮತ್ತು ಹಾಸಿಗೆಯ ನಡುವೆ ಸಿಕ್ಕ ಚರ್ಮಕ್ಕೆ ರಕ್ತ ಹರಿಯದೆ ಅಲ್ಲಿನ ಅಂಗಾಂಶ ಸಾಯುತ್ತದೆ. ಅದೇ ಬೆಡ್‌ಸೋರ್, ಅಂದರೆ ಒತ್ತಡದ ಹುಣ್ಣು. ಬ್ರಿಟನ್ನಿನ ನರ್ಸ್ ಡೋರೀನ್ ನಾರ್ಟನ್ ಮತ್ತು ಸಂಗಡಿಗರು ವೃದ್ಧರ ವಾರ್ಡುಗಳಲ್ಲಿ ಮಾಡಿದ ಅಧ್ಯಯನ 1962ರಲ್ಲಿ ಪ್ರಕಟವಾಯಿತು. ಚರ್ಮಕ್ಕೆ ಏನನ್ನು ಹಚ್ಚುತ್ತೇವೆ ಎಂಬುದಕ್ಕಿಂತ ಒತ್ತಡ ತಪ್ಪಿಸುವುದೇ ಮುಖ್ಯ ಎಂಬ ಅರಿವಿಗೆ ಅದು ಬುನಾದಿ ಹಾಕಿತು, ಜೊತೆಗೆ ಯಾರಿಗೆ ಅಪಾಯ ಹೆಚ್ಚು ಎಂದು ಅಳೆಯುವ ಒಂದು ಅಂಕಪಟ್ಟಿಯನ್ನೂ ಕೊಟ್ಟಿತು. ಅಮೆರಿಕದ ನರ್ಸ್‌ಗಳಾದ ಬಾರ್ಬರಾ ಬ್ರೇಡನ್ ಮತ್ತು ನ್ಯಾನ್ಸಿ ಬರ್ಗ್‌ಸ್ಟ್ರಾಮ್ ರೂಪಿಸಿದ ಇನ್ನೊಂದು ಅಂಕಪಟ್ಟಿ 1987ರಲ್ಲಿ ಬಂತು. ಸ್ಪರ್ಶಜ್ಞಾನ, ಚರ್ಮದ ತೇವ, ಓಡಾಟ, ಹೊರಳಾಟ, ಆಹಾರ, ಹಾಸಿಗೆಯ ಮೇಲೆ ಜಾರುವಾಗಿನ ಉಜ್ಜಾಟ ಈ ಆರಕ್ಕೆ ಅಂಕ ಕೊಟ್ಟು ಕೂಡಿಸಿದರೆ 6ರಿಂದ 23ರವರೆಗೆ ಒಂದು ಸಂಖ್ಯೆ ಬರುತ್ತದೆ. ಕಡಿಮೆ ಬಂದಷ್ಟೂ ಅಪಾಯ ಹೆಚ್ಚು. ಇಂದು ಬೆಂಗಳೂರಿನ ಐಸಿಯುಗಳಲ್ಲಿ ಕೇಸ್‌ಶೀಟಿನ ಜೊತೆ ಕಾಣುವ 'ಬ್ರೇಡನ್ ಸ್ಕೋರ್' ಇದೇ.

ಬರ್ಗ್‌ಸ್ಟ್ರಾಮ್ ಅವರೇ ಮುಂದಾಳಾಗಿದ್ದ, 2013ರಲ್ಲಿ ಪ್ರಕಟವಾದ ಪ್ರಯೋಗವೊಂದು ಅಮೆರಿಕ ಮತ್ತು ಕೆನಡಾದ 27 ಶುಶ್ರೂಷಾಲಯಗಳ 942 ವೃದ್ಧರ ಮೇಲೆ ಮೂರು ವಾರ ನಡೆಯಿತು. ಎರಡು, ಮೂರು, ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ ಮೂರು ಗುಂಪುಗಳ ನಡುವೆ ಹುಣ್ಣುಗಳ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಎರಡು ಗಂಟೆಯ ನಿಯಮವನ್ನು ಮಂತ್ರದಂತೆ ಕಲಿತವರಿಗೆ ಇದು ಅಚ್ಚರಿಯ ಸುದ್ದಿ, ಮತ್ತು ಸಿಬ್ಬಂದಿ ಸಾಲದ ವಾರ್ಡಿಗೆ ಬಹಳ ಆಕರ್ಷಕವಾದ ಸುದ್ದಿ.

ಸಂಶೋಧನೆಯನ್ನು ಓದಲು ಬಲ್ಲ ನರ್ಸ್ ಇಲ್ಲಿ ನಿಲ್ಲುತ್ತಾರೆ. ಆ ಪ್ರಯೋಗದ ವೃದ್ಧರೆಲ್ಲರೂ ಒತ್ತಡ ಹಂಚುವ ಹೆಚ್ಚು ಸಾಂದ್ರತೆಯ ಫೋಮ್ ಹಾಸಿಗೆಗಳ ಮೇಲಿದ್ದರು. ರೆಕ್ಸಿನ್ ಹೊದಿಸಿದ, ನಡುವೆ ತಗ್ಗುಬಿದ್ದ ಹಾಸಿಗೆಯ ಮೇಲೆ ಮಲಗಿದ, ಬೇಸಿಗೆಯ ಮಧ್ಯಾಹ್ನ ಬೆನ್ನು ಬೆವರಿದ ರೋಗಿಗೆ ಆ ಫಲಿತಾಂಶವನ್ನು ಅನ್ವಯಿಸಿದರೆ ಸಂಶೋಧನೆಯನ್ನು ಬಳಸಿದಂತಾಗುವುದಿಲ್ಲ, ದುರ್ಬಳಕೆ ಮಾಡಿದಂತಾಗುತ್ತದೆ. ಆದ್ದರಿಂದಲೇ ಈಗಿನ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಎಲ್ಲರಿಗೂ ಒಂದೇ ಗಡಿಯಾರ ಕಟ್ಟದೆ, ರೋಗಿಯ ಸ್ಥಿತಿ ಮತ್ತು ಹಾಸಿಗೆಯ ಬಗೆ ನೋಡಿ ಅವಧಿ ನಿರ್ಧರಿಸಿ ಎನ್ನುತ್ತವೆ. ನಮ್ಮಲ್ಲಿ ಮಗ್ಗುಲು ಬದಲಿಸಲು ಕೈಕೊಡುವವರು ಅನೇಕ ಸಲ ಕೋಲಾರದಿಂದಲೋ ತುಮಕೂರಿನಿಂದಲೋ ಬಂದು ಮಂಚದ ಕೆಳಗೆ ಚಾಪೆ ಹಾಸಿಕೊಂಡಿರುವ ಮಗ ಅಥವಾ ಸೊಸೆ. ಅವರಿಗೆ ಬೆನ್ನಿನ ಹಿಂದೆ ದಿಂಬು ಕೊಟ್ಟು ಓರೆಯಾಗಿ ಮಲಗಿಸುವುದು ಹೇಗೆ, ಹಿಮ್ಮಡಿ ಹಾಸಿಗೆಗೆ ತಾಗದಂತೆ ಎತ್ತಿಡುವುದು ಹೇಗೆ ಎಂದು ಕಲಿಸುವುದೂ ಈ ಪುರಾವೆಯ ಅನ್ವಯದ ಭಾಗವೇ.

ಬಿಡುವುದು ಇನ್ನೂ ಕಷ್ಟ

ಹೊಸದನ್ನು ಸೇರಿಸುವುದಕ್ಕಿಂತ ಹಳೆಯದನ್ನು ಕೈಬಿಡುವುದು ಕಷ್ಟ ಎಂಬುದು ಈ ಕ್ಷೇತ್ರದವರೆಲ್ಲರ ಅನುಭವ. ಬೆನ್ನಿಗೆ ಸ್ಪಿರಿಟ್ ಹಚ್ಚಿ, ಪೌಡರ್ ಹಾಕಿ, ಕೆಂಪಾದ ಜಾಗವನ್ನು ಚೆನ್ನಾಗಿ ತಿಕ್ಕುವ 'ಬ್ಯಾಕ್ ಕೇರ್' ನರ್ಸಿಂಗ್ ಶಾಲೆಗಳಲ್ಲಿ ತಲೆಮಾರುಗಳಿಂದ ಬಂದ ಪಾಠ. ಒತ್ತಡದಿಂದ ಆಗಲೇ ನೊಂದಿರುವ ಚರ್ಮವನ್ನು ತಿಕ್ಕಬಾರದು ಎಂದು ಮಾರ್ಗಸೂಚಿಗಳು ಬಹಳ ಹಿಂದೆಯೇ ಹೇಳಿವೆ. ಶಸ್ತ್ರಚಿಕಿತ್ಸೆಯ ಮುನ್ನ ರೇಜರ್‌ನಿಂದ ಕೂದಲು ಬೋಳಿಸುವುದೂ ಅಷ್ಟೇ. ಬ್ಲೇಡಿನಿಂದಾಗುವ ಕಣ್ಣಿಗೆ ಕಾಣದ ಗೀರುಗಳಲ್ಲಿ ಸೋಂಕು ನೆಲೆಯಾಗುವುದರಿಂದ, ಕೂದಲು ತೆಗೆಯಲೇಬೇಕಾದರೆ ಕೂದಲು ಕತ್ತರಿಸುವ ಯಂತ್ರವಾದ ಕ್ಲಿಪ್ಪರ್ ಮಾತ್ರ ಬಳಸಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2016ರ ಮಾರ್ಗಸೂಚಿ ಬಲವಾಗಿ ಹೇಳುತ್ತದೆ.

ಮೂಗಿನ ಮೂಲಕ ಹೊಟ್ಟೆಗೆ ಇಳಿಸುವ ಆಹಾರದ ನಳಿಕೆಯದು ಹೆಚ್ಚು ಗಂಭೀರವಾದ ಉದಾಹರಣೆ. ನಳಿಕೆ ತಪ್ಪಿ ಶ್ವಾಸಕೋಶಕ್ಕೆ ಹೋಗಿದ್ದರೆ, ಹಾಕಿದ ಗಂಜಿ ಪ್ರಾಣಕ್ಕೇ ಎರವಾಗುತ್ತದೆ. ಸಿರಿಂಜಿನಿಂದ ಗಾಳಿ ತಳ್ಳಿ, ಹೊಟ್ಟೆಯ ಮೇಲೆ ಸ್ಟೆತಸ್ಕೋಪ್ ಇಟ್ಟು 'ಬುಸ್' ಶಬ್ದ ಕೇಳುವ ಹಳೆಯ ಪರೀಕ್ಷೆ ನಂಬಲರ್ಹವಲ್ಲ, ಏಕೆಂದರೆ ಶ್ವಾಸಕೋಶಕ್ಕೆ ಹೋದ ಗಾಳಿಯ ಶಬ್ದವೂ ಅಲ್ಲಿಗೆ ಕೇಳಿಸಬಲ್ಲದು. ನಳಿಕೆಯಿಂದ ಹೊರತೆಗೆದ ದ್ರವದ ಆಮ್ಲೀಯತೆಯನ್ನು ಕಾಗದದ ಪಟ್ಟಿಯಿಂದ ಪರೀಕ್ಷಿಸಬೇಕು, ಪಿಎಚ್ 5.5 ಅಥವಾ ಅದಕ್ಕಿಂತ ಕಡಿಮೆ ಇರಬೇಕು, ಸಂಶಯವಿದ್ದರೆ ಎಕ್ಸ್‌ರೇ ಎಂದು ಬ್ರಿಟನ್ನಿನ ರೋಗಿ ಸುರಕ್ಷತಾ ಸಂಸ್ಥೆ 2005ರಲ್ಲೇ ಎಚ್ಚರಿಸಿತ್ತು. ಆದರೂ ಬುಸ್ ಪರೀಕ್ಷೆ ಬದುಕಿದೆ: ಸ್ಟೆತಸ್ಕೋಪ್ ಎಲ್ಲರ ಕೊರಳಲ್ಲೂ ಇರುತ್ತದೆ, ಪಿಎಚ್ ಪಟ್ಟಿಯನ್ನು ಸ್ಟೋರ್ಸಿಗೆ ಇಂಡೆಂಟ್ ಹಾಕಿ ತರಿಸಬೇಕು.

ಪುರಾವೆಯೇ ಮಗುಚಿದ ಪ್ರಸಂಗವೂ ಇದೆ. ವೆಂಟಿಲೇಟರ್ ಮೇಲಿರುವವರ ಬಾಯಿಯನ್ನು ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕ ದ್ರಾವಣದಿಂದ ಒರೆಸಿದರೆ ನ್ಯುಮೋನಿಯಾ ಕಡಿಮೆಯಾಗುತ್ತದೆಂದು ಐಸಿಯುಗಳು ಅದನ್ನು ಶ್ರದ್ಧೆಯಿಂದ ಅಳವಡಿಸಿಕೊಂಡವು. 2014ರಿಂದೀಚೆಗಿನ ವಿಶ್ಲೇಷಣೆಗಳು ಅದರಿಂದ ಸಾವಿನ ಪ್ರಮಾಣ ಹೆಚ್ಚುವ ಸಾಧ್ಯತೆಯನ್ನು ಎತ್ತಿದವು. ಅಮೆರಿಕದ ಸೋಂಕು ನಿಯಂತ್ರಣ ತಜ್ಞರ ಸಂಘಟನೆಗಳ 2022ರ ಶಿಫಾರಸು, ಕ್ಲೋರ್‌ಹೆಕ್ಸಿಡಿನ್ ಬಿಟ್ಟು ಸಾದಾ ಬ್ರಷ್‌ನಿಂದ ಹಲ್ಲುಜ್ಜಿ ಎಂದಿತು. ನಿನ್ನೆ ಕಲಿತದ್ದನ್ನು ಇಂದು ಬಿಡುವಂತೆ ಹೇಳಿದಾಗ ಸಿಬ್ಬಂದಿಗೆ ಬೇಸರವಾಗುವುದು ಸಹಜ. ತಪ್ಪಿದ್ದರೆ ತಿದ್ದಿಕೊಳ್ಳುವ ಗುಣವೇ ಈ ಪದ್ಧತಿಯ ಬಲ ಎಂದು ಹೊರಗೆ ಕುಳಿತು ಹೇಳುವುದು ಸುಲಭ.

ಗೊತ್ತಿದ್ದೂ ಮಾಡಲಾಗದ್ದು ಏಕೆ

ಸಂಶೋಧನೆ ದಿನಬಳಕೆಗೆ ಬರಲು ಸರಾಸರಿ 17 ವರ್ಷ ಬೇಕು ಎಂಬ, 2000ದಲ್ಲಿ ಪ್ರಕಟವಾದ ಲೆಕ್ಕವೊಂದನ್ನು ಆಗಾಗ ಉಲ್ಲೇಖಿಸುತ್ತಾರೆ. ಅದು ಒರಟು ಅಂದಾಜು. ಆದರೆ ತಡವಾಗುತ್ತದೆ ಎಂಬುದರಲ್ಲಿ ಎರಡು ಮಾತಿಲ್ಲ. ಕಾರಣ ಹುಡುಕಲು 1991ರಲ್ಲಿ ಅಮೆರಿಕದ ಸ್ಯಾಂಡ್ರಾ ಫಂಕ್ ಮತ್ತು ಸಂಗಡಿಗರು ರೂಪಿಸಿದ ಪ್ರಶ್ನಾವಳಿಯನ್ನು ಅನೇಕ ದೇಶಗಳಲ್ಲಿ ಬಳಸಲಾಗಿದೆ; 2010ರ ವಿಮರ್ಶೆಯೊಂದು ಅಂಥ 63 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿತು. ದೇಶ ಬದಲಾದರೂ ನರ್ಸ್‌ಗಳ ಉತ್ತರ ಹೆಚ್ಚು ಬದಲಾಗಲಿಲ್ಲ. ಓದಲು ಸಮಯವಿಲ್ಲ, ಪದ್ಧತಿ ಬದಲಿಸುವ ಅಧಿಕಾರ ತಮಗಿಲ್ಲ, ಅಂಕಿಅಂಶಗಳ ಭಾಷೆ ಅರ್ಥವಾಗುವುದಿಲ್ಲ. ಗಮನಿಸಬೇಕಾದದ್ದು, ದೊಡ್ಡ ಅಡ್ಡಿಗಳು ನರ್ಸ್‌ನ ಆಸಕ್ತಿಯಲ್ಲಿ ಇಲ್ಲ, ಆಸ್ಪತ್ರೆಯ ವ್ಯವಸ್ಥೆಯಲ್ಲಿವೆ.

ಬೆಂಗಳೂರಿನಲ್ಲಿ ಇದಕ್ಕೆ ಒಂದು ವಿಚಿತ್ರ ಮುಖವಿದೆ. ಇಲ್ಲಿ ನರ್ಸಿಂಗ್ ಸಂಶೋಧನೆಗೆ ಕೊರತೆಯೇ ಇಲ್ಲ. 1996ರಲ್ಲಿ ಸ್ಥಾಪನೆಯಾದ, ಜಯನಗರದಲ್ಲಿರುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜುಗಳಲ್ಲಿ ಎಂಎಸ್ಸಿ ನರ್ಸಿಂಗ್ ಮಾಡುವ ಪ್ರತಿಯೊಬ್ಬರೂ ಪ್ರಬಂಧ ಸಲ್ಲಿಸಬೇಕು. ಭಾರತೀಯ ನರ್ಸಿಂಗ್ ಪರಿಷತ್ತು ನರ್ಸಿಂಗ್ ಪಿಎಚ್‌ಡಿಗಾಗಿ ರಚಿಸಿದ ರಾಷ್ಟ್ರೀಯ ಒಕ್ಕೂಟವೂ ಇದೇ ವಿಶ್ವವಿದ್ಯಾಲಯದ ಸಹಯೋಗದ್ದು. ಬಿಎಸ್ಸಿ ನರ್ಸಿಂಗ್‌ನಲ್ಲೇ ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರ ಒಂದು ವಿಷಯ. ಆದರೆ ಆ ಪ್ರಬಂಧಗಳ ಶೀರ್ಷಿಕೆಗಳ ಮೇಲೆ ಕಣ್ಣಾಡಿಸಿದರೆ ಬಹಳಷ್ಟು ಒಂದೇ ಅಚ್ಚಿನವು: ಇಂಥ ವಿಷಯದ ಜ್ಞಾನದ ಮೇಲೆ 'ಸ್ಟ್ರಕ್ಚರ್ಡ್ ಟೀಚಿಂಗ್ ಪ್ರೋಗ್ರಾಂ'ನ ಪರಿಣಾಮ. ಪಾಠದ ಮುಂಚೆ ಒಂದು ಪರೀಕ್ಷೆ, ಪಾಠದ ನಂತರ ಇನ್ನೊಂದು, ಅಂಕ ಏರಿತು ಎಂಬ ತೀರ್ಮಾನ. ಪಾಠ ಕೇಳಿದವರಿಗೆ ಅಂಕ ಏರದಿದ್ದರೆ ಅಚ್ಚರಿಪಡಬೇಕಿತ್ತು. ಅವರ ಕೈಕೆಲಸ ಬದಲಾಯಿತೇ, ವಾರ್ಡಿನಲ್ಲಿ ಸೋಂಕು ಇಳಿಯಿತೇ ಎಂಬ ಮುಂದಿನ ಪ್ರಶ್ನೆಗೆ ವಿದ್ಯಾರ್ಥಿಯ ಬಳಿ ಸಮಯವಿರುವುದಿಲ್ಲ. ಹೀಗೆ ಕಾಲೇಜಿನಲ್ಲಿ ಸಂಶೋಧನೆ ನಡೆಯುತ್ತದೆ, ಆಸ್ಪತ್ರೆಯಲ್ಲಿ ಸೇವೆ ನಡೆಯುತ್ತದೆ, ನಡುವಿನ ಬಾಗಿಲು ಬಹುತೇಕ ಮುಚ್ಚಿರುತ್ತದೆ.

ಪ್ರಬಂಧಗಳನ್ನು ಓದಲು ಪತ್ರಿಕೆಗಳ ಚಂದಾ ಇನ್ನೊಂದು ಗೋಡೆಯಾಗಿತ್ತು. 2025ರ ಜನವರಿಯಲ್ಲಿ ಆರಂಭವಾದ ಕೇಂದ್ರದ 'ಒಂದು ದೇಶ ಒಂದು ಚಂದಾ' ಯೋಜನೆಯಡಿ ಸರ್ಕಾರಿ ಉನ್ನತ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಿಗೆ ಸುಮಾರು 13,000 ಪತ್ರಿಕೆಗಳು ತೆರೆದುಕೊಂಡಿವೆ. ವೈದ್ಯಕೀಯ ಪ್ರಬಂಧಗಳನ್ನು ಹುಡುಕುವ ಜಾಲತಾಣವಾದ ಪಬ್‌ಮೆಡ್‌ನಲ್ಲಿ ಸಾರಾಂಶಗಳು ಎಲ್ಲರಿಗೂ ಉಚಿತ. ಹನ್ನೆರಡು ಗಂಟೆಯ ರಾತ್ರಿ ಪಾಳಿ ಮುಗಿಸಿ ಮೆಜೆಸ್ಟಿಕ್‌ಗೆ ಬಸ್ ಹಿಡಿಯುವವರಿಗೆ ಅದನ್ನು ತೆರೆಯಲು ಯಾವ ಹೊತ್ತು ಎಂಬ ಪ್ರಶ್ನೆ ಹಾಗೆಯೇ ಇದೆ.

ವಾರ್ಡಿನಲ್ಲಿ ಬದಲಾವಣೆ ನಡೆಯುವ ಬಗೆ

ಹಾಗಾದರೆ ಬದಲಾಗುವ ವಾರ್ಡುಗಳು ಹೇಗೆ ಬದಲಾಗುತ್ತವೆ? ಎಲ್ಲರೂ ಪ್ರಬಂಧ ಓದುವುದರಿಂದ ಅಲ್ಲ. ಒಬ್ಬ ಇನ್‌ಚಾರ್ಜ್ ಸಿಸ್ಟರ್ ಅಥವಾ ಸೋಂಕು ನಿಯಂತ್ರಣ ನರ್ಸ್ ಒಂದು ಪ್ರಶ್ನೆ ಎತ್ತುತ್ತಾರೆ, ಮಾರ್ಗಸೂಚಿ ಏನು ಹೇಳುತ್ತದೆ ನೋಡುತ್ತಾರೆ, ಆಮೇಲೆ ತಮ್ಮಲ್ಲಿ ಈಗ ಏನು ನಡೆಯುತ್ತಿದೆ ಎಂದು ಎಣಿಸುತ್ತಾರೆ. ಈ ಎಣಿಕೆಗೆ ಆಡಿಟ್ ಎನ್ನುತ್ತಾರೆ. ಉದಾಹರಣೆಗೆ, ಒಂದು ಬೆಳಿಗ್ಗೆ ಮೂವತ್ತು ಮಂಚಗಳ ಸುತ್ತ ಹೋಗಿ, ಎಷ್ಟು ಕ್ಯಾನುಲಾಗಳ ಮೇಲೆ ಹಾಕಿದ ದಿನಾಂಕ ಬರೆದಿದೆ, ಎಷ್ಟು ಕಡೆ ಟೇಪು ಸಡಿಲವಾಗಿದೆ, ಎಷ್ಟು ರೋಗಿಗಳಿಗೆ ಡ್ರಿಪ್ ನಿಂತು ಒಂದು ದಿನವಾದರೂ ಕ್ಯಾನುಲಾ ಸುಮ್ಮನೆ ಉಳಿದಿದೆ ಎಂದು ಒಂದು ಹಾಳೆಯಲ್ಲಿ ಗುರುತಿಸಿಕೊಳ್ಳುವುದು. 'ನಮ್ಮಲ್ಲಿ ಎಲ್ಲ ಸರಿಯಾಗಿದೆ' ಎಂಬ ಮಾತು ಈ ಹಾಳೆಯ ಮುಂದೆ ಸಾಮಾನ್ಯವಾಗಿ ನಿಲ್ಲುವುದಿಲ್ಲ.

ಬಳಿಕ ಒಂದು ಸಣ್ಣ ಬದಲಾವಣೆಯನ್ನು ಒಂದೇ ವಾರ್ಡಿನಲ್ಲಿ, ಕೆಲವೇ ದಿನ ಮಾಡಿ ನೋಡಿ, ಮತ್ತೆ ಎಣಿಸಿ, ಫಲಿಸಿದರೆ ವಿಸ್ತರಿಸುವುದು, ಇಲ್ಲವಾದರೆ ತಿದ್ದುವುದು. ಯೋಜಿಸು, ಮಾಡು, ಪರಿಶೀಲಿಸು, ಅಳವಡಿಸು ಎಂಬ ಈ ಚಕ್ರವನ್ನು ಗುಣಮಟ್ಟ ಸುಧಾರಣೆ ಎನ್ನುತ್ತಾರೆ. 2017ರ ಕೊನೆಯಲ್ಲಿ ಆರಂಭವಾದ ಕೇಂದ್ರ ಸರ್ಕಾರದ 'ಲಕ್ಷ್ಯ' ಕಾರ್ಯಕ್ರಮ ಸರ್ಕಾರಿ ಹೆರಿಗೆ ಕೊಠಡಿಗಳಲ್ಲಿ ಇಂಥ ಚಕ್ರಗಳನ್ನೇ ನಡೆಸಲು ಹೇಳುತ್ತದೆ. ಸಂಶೋಧನೆ ಜಗತ್ತಿಗೆ ಹೊಸದಾದ ಉತ್ತರ ಹುಡುಕುತ್ತದೆ. ಇದು ಈಗಾಗಲೇ ಗೊತ್ತಿರುವ ಉತ್ತರವನ್ನು ತಮ್ಮ ವಾರ್ಡಿನಲ್ಲಿ ನಡೆಯುವಂತೆ ಮಾಡುತ್ತದೆ. ಬದಲಾವಣೆ ಉಳಿಯುವುದು ಮಾತ್ರ ಪಾಳಿ ಬದಲಾಗುವಾಗಿನ ಹ್ಯಾಂಡೋವರ್‌ನಲ್ಲಿ ಅದಕ್ಕೊಂದು ಜಾಗ ಸಿಕ್ಕಾಗ. ಹ್ಯಾಂಡೋವರ್ ಹಾಳೆಯಲ್ಲಿ ಒಂದು ಕಾಲಂ ಇಲ್ಲದ ಯಾವ ಸುಧಾರಣೆಯೂ ತಿಂಗಳಾಚೆ ಬದುಕುವುದು ಅನುಮಾನ.

ಕರ್ನಾಟಕದ ಮಟ್ಟಿಗೆ ಕೊಪ್ಪಳ ಜಿಲ್ಲೆಯ ಕಾಂಗರೂ ಆರೈಕೆ ಇದಕ್ಕೆ ನಿದರ್ಶನ. ತೂಕ ಕಡಿಮೆಯಿರುವ ಶಿಶುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಳ್ಳುವ ಈ ಪದ್ಧತಿ 1978ರ ಸುಮಾರಿಗೆ ಕೊಲಂಬಿಯಾದ ಬೊಗೋಟಾದಲ್ಲಿ, ಇನ್‌ಕ್ಯುಬೇಟರ್‌ಗಳ ಕೊರತೆಯ ನಡುವೆ ಹುಟ್ಟಿತು. ಅದು ಫಲಕಾರಿ ಎಂಬ ಪುರಾವೆ ಬಹುಕಾಲದಿಂದ ಇದ್ದರೂ ಆಸ್ಪತ್ರೆಗಳಲ್ಲಿ ಬಳಕೆ ಅಲ್ಪವಾಗಿತ್ತು. ಕೆಲಸ ಮಾಡುತ್ತದೆಯೇ ಎಂದು ಕೇಳುವುದನ್ನು ಬಿಟ್ಟು, ಗೊತ್ತಿದ್ದೂ ಏಕೆ ನಡೆಯುತ್ತಿಲ್ಲ, ನಡೆಸುವುದು ಹೇಗೆ ಎಂದು ಕೇಳುವುದು ಅನುಷ್ಠಾನ ಸಂಶೋಧನೆ. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಇಥಿಯೋಪಿಯಾ ಮತ್ತು ಭಾರತದಲ್ಲಿ ನಡೆದ ಅಂಥದೊಂದು ಅಧ್ಯಯನದಲ್ಲಿ ಕೊಪ್ಪಳವೂ ಒಂದು ಕೇಂದ್ರವಾಗಿತ್ತು, ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರು ಅದರಲ್ಲಿದ್ದರು. 2,000 ಗ್ರಾಂಗಿಂತ ಕಡಿಮೆ ತೂಕದ ಶಿಶುಗಳಿಗೆ ದಿನಕ್ಕೆ ಕನಿಷ್ಠ ಎಂಟು ಗಂಟೆ ಇಂಥ ಸಂಪರ್ಕ ಮತ್ತು ತಾಯಿಹಾಲು ಮಾತ್ರ ಎಂಬುದು ಅಲ್ಲಿನ ಅಳತೆಗೋಲು. ಎಂಟು ಗಂಟೆ ಎಂದರೆ ತಾಯಿಗೆ ಒರಗುವ ಕುರ್ಚಿ ಬೇಕು, ಮರೆ ಬೇಕು, ಊಟ ಬೇಕು, ಆಕೆ ಶೌಚಕ್ಕೆ ಹೋದಾಗ ಮಗುವನ್ನು ಎದೆಗಿಟ್ಟುಕೊಳ್ಳಲು ಅಜ್ಜಿಯೋ ಅಪ್ಪನೋ ಒಪ್ಪಬೇಕು. ಇದನ್ನೆಲ್ಲ ಹೊಂದಿಸಿ, ಹೆದರಿದ ತಾಯಿಯ ಸೆರಗಿನೊಳಗೆ ಮಗುವಿನ ತಲೆ ಪಕ್ಕಕ್ಕೆ ತಿರುಗಿರುವಂತೆ ಕೂರಿಸಿ ಕೊಡುವವರು ನವಜಾತ ಶಿಶು ಘಟಕದ ನರ್ಸ್‌ಗಳು. 2021ರಲ್ಲಿ ಭಾರತವೂ ಸೇರಿ ಐದು ದೇಶಗಳ 3,211 ಶಿಶುಗಳ ಪ್ರಯೋಗ, ಹುಟ್ಟಿದ ಕೂಡಲೇ ಈ ಆರೈಕೆ ಆರಂಭಿಸಿದರೆ ಮೊದಲ 28 ದಿನಗಳ ಸಾವು ಶೇ. 15.7ರಿಂದ ಶೇ. 12ಕ್ಕೆ ಇಳಿಯುತ್ತದೆಂದು ತೋರಿಸಿತು. ಹಾಗೆ ಮಾಡಲು ಶಿಶುಗಳ ಐಸಿಯು ಒಳಗೇ ತಾಯಿಗೂ ಮಂಚ ಹಾಕಬೇಕು. ಮುಂದಿನ ಅನುಷ್ಠಾನದ ಪ್ರಶ್ನೆ ಅಲ್ಲಿದೆ.

ನಿಮ್ಮನ್ನೇ ಅಧ್ಯಯನಕ್ಕೆ ಕೇಳಿದರೆ

ನಗರದ ಬೋಧನಾ ಆಸ್ಪತ್ರೆಗಳಲ್ಲಿ ದಾಖಲಾದವರನ್ನು ನರ್ಸ್ ಅಥವಾ ನರ್ಸಿಂಗ್ ವಿದ್ಯಾರ್ಥಿಯೊಬ್ಬರು ಅಧ್ಯಯನದಲ್ಲಿ ಭಾಗವಹಿಸುವಂತೆ ಕೇಳುವುದುಂಟು. ಮನುಷ್ಯರ ಮೇಲಿನ ಅಧ್ಯಯನ ಆರಂಭವಾಗುವ ಮೊದಲು ಆಸ್ಪತ್ರೆಯ ನೈತಿಕ ಸಮಿತಿ ಅದನ್ನು ಪರಿಶೀಲಿಸಿ ಒಪ್ಪಿರಬೇಕು. ಔಷಧ ಅಥವಾ ಚಿಕಿತ್ಸೆಯ ಪ್ರಯೋಗವಾಗಿದ್ದರೆ, 2007ರಲ್ಲಿ ಆರಂಭವಾದ ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ ಜಾಲತಾಣದಲ್ಲಿ ಅದರ ವಿವರವನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಅಧ್ಯಯನದ ಉದ್ದೇಶ, ಅಪಾಯ, ಪ್ರಯೋಜನಗಳನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಬೇಕು, ಪ್ರಶ್ನೆ ಕೇಳಲು ಅವಕಾಶ ಕೊಡಬೇಕು. ಓದಲು ಬಾರದವರಾದರೆ ಅಧ್ಯಯನ ತಂಡಕ್ಕೆ ಸೇರದ ಸಾಕ್ಷಿಯೊಬ್ಬರ ಎದುರು ಓದಿ ಹೇಳಿ ಹೆಬ್ಬೆಟ್ಟು ಪಡೆಯಬೇಕು. ಒಪ್ಪಿಗೆ ಪತ್ರದಲ್ಲಿ ನೈತಿಕ ಸಮಿತಿಯ ಸಂಪರ್ಕ ವಿವರವೂ ಇರುತ್ತದೆ.

ಇಲ್ಲಿ ನರ್ಸ್‌ನ ಸ್ಥಾನ ಸೂಕ್ಷ್ಮವಾದದ್ದು. ಬೆಳಿಗ್ಗೆ ಇಂಜೆಕ್ಷನ್ ಕೊಡುವವರೇ ಮಧ್ಯಾಹ್ನ ಒಪ್ಪಿಗೆ ಪತ್ರ ಹಿಡಿದು ಬಂದರೆ 'ಬೇಡ' ಎನ್ನಲು ಬಾಯಿ ಬಾರದು. ಆದ್ದರಿಂದ ಹಲವು ಕಡೆ ಆರೈಕೆ ಮಾಡುವ ನರ್ಸ್ ಮತ್ತು ಒಪ್ಪಿಗೆ ಕೇಳುವ ಸಂಶೋಧನಾ ನರ್ಸ್ ಬೇರೆ ಬೇರೆಯಾಗಿರುವಂತೆ ನೋಡಿಕೊಳ್ಳುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಗಳ ಪ್ರಕಾರ, ನಿರಾಕರಿಸಿದವರಿಗೆ ಸಿಗಬೇಕಾದ ಮಾಮೂಲಿ ಚಿಕಿತ್ಸೆಯಲ್ಲಿ ಯಾವ ವ್ಯತ್ಯಾಸವೂ ಆಗಕೂಡದು. ಒಪ್ಪಿದ ಮೇಲೆ ಮಧ್ಯದಲ್ಲಿ, ಕಾರಣ ಹೇಳದೆಯೇ, ಹೊರಬರುವವರಿಗೂ ಅದೇ ನಿಯಮ.